ಐರಾವತದ ಹೊಟ್ಟೆಯಲ್ಲಿ ಬೆಲ್ಲದಚ್ಚು

ಗಾಳಿ ಬಂದಾಗ ಕೂತುಕೋ ಎನ್ನುವುದು ಗಾದೆ. ನಿಮ್ಮ ಕಡೆ ತೂರಿಕೋ ಅಂತೀರಂತೆ. ನಮ್ಮೂರಲ್ಲಿ ಹಾಗೆ ತೂರಲು ಹೋದರೆ ಹೊಟ್ಟು ಹೋಗುತ್ತದೆ, ಕಾಳು ಹೋಗುತ್ತದೆ, ಮೊರ ಹೋಗುತ್ತದೆ, ಕೊನೆಗೆ ತೂರುತ್ತಿದ್ದವರೂ ಹೋಗುತ್ತಾರೆ. ಹಾಗೆ ಹೋದ ಒಬ್ಬರು ಹೊಳೆಯಾಚೆಯ ಊರಿನಲ್ಲಿ ಇಳಿದು, ಅಲ್ಲೇ ಮದುವೆಯಾಗಿ, ಸುಖವಾಗಿದ್ದಾರೆ. ಈಗ ನಾನು ಹೇಳಹೊರಟಿರುವುದು ಅಪ್ಪಟ ನಿಜ. ಗಾಳಿಮಾತು ಎಂದು ತಳ್ಳಿಹಾಕಬೇಡಿ. ಗಾಳಿಯ ವಿಷಯ ಮಾತಾಡುವುದಕ್ಕೆ ನಮ್ಮೂರಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡಿರುವುದು ನನ್ನೊಬ್ಬನನ್ನೇ.

ದಿನಾ ಶಾಲೆ ಬಿಡುವ ಹೊತ್ತಿಗೆ ಬರುತ್ತದೆ ಅದು. ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಇರುತ್ತದೆ, ಹೋಗುತ್ತದೆ. ಅಷ್ಟರೊಳಗೆ ಹಗುರವಾದದ್ದು ಯಾವುದೂ ಇದ್ದಲ್ಲಿ ಇರುವುದಿಲ್ಲ. ಆದ್ದರಿಂದ ನಮ್ಮ ಹೆಂಗಸರು ಸಂತೆಗೆ ಹೋಗುವಾಗ ಚೀಲದಲ್ಲಿ ಒಂದು ಗುಂಡುಕಲ್ಲು ಇಟ್ಟುಕೊಂಡೇ ಹೋಗುತ್ತಾರೆ. ಮದುವೆಯ ಕರೆಯೋಲೆಯನ್ನು ಕಡಪಕಲ್ಲಿನ ಮೇಲೆ ಕೆತ್ತಿಸುತ್ತಾರೆ, ನಾಲ್ಕು ಮದುವೆಗೆ ಹೋಗಿಬಂದವರ ಮನೆಯಲ್ಲಿ ಒಂದು ಕಟ್ಟೆಯೇ ಆಗಿರುತ್ತದೆ. ಪೇಪರ್ ಹಾಕುವವನು ಪೇಪರ್ ಎಸೆಯುವುದಿಲ್ಲ, ಇಳಿಸುತ್ತಾನೆ. ಗಾಳಿಪಟ ಎನ್ನುವುದು ನಮ್ಮ ಮಕ್ಕಳಿಗೆ ಪಾಠದಲ್ಲಿ ಬರುವ ಕಠಿಣ ಪದ. ಮಿಕ್ಸಿ, ಟೀವಿ, ಹೊಲಿಗೆ ಯಂತ್ರ, ಏನೇ ಕೊಂಡರೂ ಮೊದಲು ಅದರ ಹೊಟ್ಟೆಯಲ್ಲೋ ಬುಡದಲ್ಲೋ ಒಂದು ಕಲ್ಲು ಕಟ್ಟುತ್ತೇವೆ. ಅದಕ್ಕೆ ಮರ್ಯಾದೆಗಲ್ಲು ಎಂದು ಹೆಸರು. ಎಷ್ಟು ದೊಡ್ಡ ಕಲ್ಲೋ ಅಷ್ಟು ದೊಡ್ಡ ಮರ್ಯಾದೆ. ಇನ್ನೊಂದು ನಿಯಮವನ್ನೂ ಈಗಲೇ ಹೇಳಿಬಿಡುತ್ತೇನೆ: ಗಾಳಿಯ ಹೊತ್ತಿನಲ್ಲಿ ಯಾರೂ ನಗಬಾರದು. ನಕ್ಕರೆ ಮೈ ಹಗುರಾಗುತ್ತದೆ ಎನ್ನುವುದು ನಿಮಗೆ ಬರಿ ಮಾತು, ನಮಗೆ ಅಪಾಯ.

ನಾನು ಚಿದಂಬರ. ಎಂ.ಎ. ಮಾಡಿದ್ದೇನೆ. ಅದರಿಂದ ನನ್ನ ತೂಕ ಏನೂ ಏರಲಿಲ್ಲ, ಈಗಲೂ ಎರಡು ಜೇಬಿನಲ್ಲೂ ಕಬ್ಬಿಣದ ತೂಕದ ಬಟ್ಟು ಇಟ್ಟುಕೊಂಡೇ ಓಡಾಡುತ್ತೇನೆ. ಗಾಳಿ ಬರುವ ಮುಂಚೆ ಮೈಕಿನಲ್ಲಿ ‘ಗಾಳಿ ಬಂತು, ಕೂತ್ಕೊಳ್ಳಿ’ ಎಂದು ಕೂಗುವುದು ನನ್ನ ಕೆಲಸ. ಗೋಪುರದ ತುದಿಯ ದೊಡ್ಡ ಹಾರ್ನು ಅದನ್ನು ಊರಿಗೆಲ್ಲ ಕೇಳಿಸುತ್ತದೆ. ದಿನಾ ಒಂದೇ ಮಾತನ್ನು ಒಂದೇ ದನಿಯಲ್ಲಿ ಕೂಗಿದರೆ ಬಾಯಿಗೆ ಬೇಸರ. ಹಾಗಾಗಿ ಸೋಮವಾರ ಹೈಸ್ಕೂಲ್ ಹೆಡ್‌ಮೇಡಂ ದನಿ, ಮಂಗಳವಾರ ಮೂಗಿನಿಂದ ಮಂತ್ರ ಹೇಳುವ ಪುರೋಹಿತರ ದನಿ, ಬುಧವಾರ ಬಸ್ ಕಂಡಕ್ಟರ್ ದನಿ, ಹೀಗೆ. ಆದರೆ ಜನ ದಡಕ್ಕನೆ ಕೂರುವುದು ಪಂಪಾಪತಿಯವರ ದನಿಯಲ್ಲಿ ಕೂಗಿದಾಗ ಮಾತ್ರ.

ಪಂಪಾಪತಿಯವರು ಊರಿನಲ್ಲೇ ಭಾರವಾದ ಮನುಷ್ಯ. ಗಾಳಿ ಬಂದಾಗ ಅವರು ಬೀದಿಯ ನಡುವೆ ನಿಂತುಕೊಂಡು ಮೀಸೆ ಮಾತ್ರ ಹಿಡಿದುಕೊಳ್ಳುತ್ತಾರೆ. ಅವರು ನಕ್ಕಿದ್ದನ್ನು ಕಂಡವರಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಕಲ್ಲುಮನೆಯಲ್ಲಿ ಅವರದೊಂದು ಗೇಮಿಂಗ್ ಹಾಲ್ ಇದೆ. ಊರಿಗೆ ಬರುವ ಯಾವುದೇ ಗೇಮಿಂಗ್ ಕಂಪ್ಯೂಟರನ್ನು ಪರೀಕ್ಷೆ ಮಾಡಿ ಮುದ್ರೆ ಒತ್ತುವ ಅಧಿಕಾರವೂ ಅವರದೇ. ಪರೀಕ್ಷೆ ಎಂದರೆ ಒಂದು ಪೂಜೆಯ ಹಾಗೆ ಕ್ರಮವಾಗಿ ನಡೆಯುತ್ತದೆ. ಮೊದಲು ಯಂತ್ರವನ್ನು ಎತ್ತಿ ನೋಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಅದರ ಫ್ಯಾನಿನ ಸದ್ದು ಕೇಳುತ್ತಾರೆ. ಆಮೇಲೆ ಆ ವರ್ಷದ ಅತಿ ಭಾರಿ ಆಟ ಯಾವುದೋ ಅದನ್ನು ಹಾಕಿ ಆಡುತ್ತಾರೆ. ಕೊನೆಗೆ, ತಾಯಿ ಮಗುವಿನ ಜ್ವರ ನೋಡುವ ಹಾಗೆ, ಅದರ ಹೊಟ್ಟೆಯೊಳಗೆ ಕೈಹಾಕಿ ಕಾವು ನೋಡಿ, ಮಸಿಯ ಮುದ್ರೆ ಒತ್ತುತ್ತಾರೆ. ಮುದ್ರೆಯಿಲ್ಲದ ಯಂತ್ರಕ್ಕೆ ಊರಿನ ಒಳಗೂ ಹೊರಗೂ ಬೆಲೆಯಿಲ್ಲ.

ಅವರ ಸ್ವಂತ ಯಂತ್ರದ ಹೆಸರು ಐರಾವತ. ನೀವು ಅದನ್ನು ಒಮ್ಮೆ ನೋಡಬೇಕು. ಬೀರುವಿನಷ್ಟು ಎತ್ತರದ ಕ್ಯಾಬಿನೆಟ್ಟು, ಸುತ್ತ ಕರಿಕಲ್ಲಿನ ಚಪ್ಪಡಿ, ಒಳಗೆ ನಿಜವಾದ ಕಂಪ್ಯೂಟರು ಅರ್ಧ, ಮರ್ಯಾದೆಗಲ್ಲು ಅರ್ಧ. ಫ್ಯಾನು ತಿರುಗಿದರೆ ಪಕ್ಕದ ಮನೆಯ ಪಾತ್ರೆ ಅಲ್ಲಾಡುತ್ತದೆ. ಅದನ್ನು ಒರೆಸಿ, ಧೂಳು ತೆಗೆದು, ಹೊತ್ತಿಸುವ ಕೆಲಸ ಪಂಪಾಪತಿಯವರ ಅಕ್ಕನ ಮಗಳು ನೀಲವೇಣಿಯದು. ನೀಲಿ ಸಣಕಲು ಹುಡುಗಿ, ಗಾಳಿಯ ಹೊತ್ತಿಗೆ ಸೊಂಟಕ್ಕೆ ಕಲ್ಲಿನ ಪಟ್ಟಿ ಬಿಗಿದುಕೊಂಡು ಕಂಬಕ್ಕೆ ಆತುಕೊಂಡಿರಬೇಕು. ಆದರೆ ಕೀಬೋರ್ಡಿನ ಮೇಲೆ ಅವಳು ಬೆರಳು ಇಟ್ಟರೆ ಸುತ್ತಲಿನ ಏಳೂರಿನ ಆಟಗಾರರು ಪಾನಕ ಕುಡಿಯಲು ಎದ್ದುಹೋಗಬೇಕು.

ಇಂಥ ನೀಲಿ ಎರಡು ವರ್ಷದಿಂದ ಹೊಳೆಯಾಚೆಯ ಪಂದ್ಯಕ್ಕೆ ಹೋಗಿಲ್ಲ. ಆ ಪಂದ್ಯಕ್ಕೆ ಆಟಗಾರರು ತಂತಮ್ಮ ಊರಿನ ಮುದ್ರೆ ಬಿದ್ದ ಯಂತ್ರವನ್ನು ತಾವೇ ತರಬೇಕು. ನಡುವೆ ಇರುವುದು ತೂಗುಸೇತುವೆ. ಮೊದಲ ವರ್ಷ ಐರಾವತವನ್ನು ಸೇತುವೆಯ ಮೇಲೆ ಒಂದು ಹೆಜ್ಜೆ ಇಡಿಸುವಷ್ಟರಲ್ಲಿ ಹಗ್ಗ ಕಿರುಗುಟ್ಟಿ ಎಲ್ಲರೂ ಹಿಂದಕ್ಕೆ ಓಡಿದರು. ಎರಡನೇ ವರ್ಷ ಹರಿಗೋಲಿಗೆ ಏರಿಸಿದರು. ಹರಿಗೋಲು ಬುಳಕ್ ಎಂದಿತು. ಐರಾವತವನ್ನು ಎತ್ತಿ ಒಣಗಿಸುವುದರೊಳಗೆ ಪಂದ್ಯ ಮುಗಿದುಹೋಗಿತ್ತು. ಎರಡು ವರ್ಷ ಬಾರದವರು ಮೂರನೇ ವರ್ಷವೂ ಬಾರದಿದ್ದರೆ ಮತ್ತೆಂದೂ ಅವರ ಹೆಸರು ಕೂಗುವುದಿಲ್ಲ ಎಂಬುದು ಆಚೆಯವರ ಕಟ್ಟುನಿಟ್ಟು. ಈ ವರ್ಷ ಹೋಗಲಿಲ್ಲವೋ, ನೀಲಿಯ ಆಟ ಅಲ್ಲಿಗೆ ಮುಗಿಯಿತು.

ಅದಕ್ಕೇ ಅವಳು ಎಲ್ಲಿಂದಲೋ ಒಂದು ಮಿನಿ ಪಿಸಿ ತರಿಸಿದಳು. ಪೆಟ್ಟಿಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಒಂದು ಅಚ್ಚು ಬೆಲ್ಲ ಇರುತ್ತದಲ್ಲ, ಅಷ್ಟೇ ಅಷ್ಟು. ಅಂಗೈ ಮೇಲೆ ಇಟ್ಟರೆ ಅಂಗೈಗೇ ಇನ್ನೂ ಜಾಗ ಉಳಿಯುತ್ತಿತ್ತು. “ಇದು ಕಂಪ್ಯೂಟ್ರೋ, ಕಂಪ್ಯೂಟ್ರು ಜೊತೆ ಕೊಡೋ ಸ್ಯಾಂಪಲ್ಲೋ?” ಎಂದೆ. “ಬಾಯ್ಮುಚ್ಕೊಂಡು ನೋಡು” ಎಂದಳು.

ನೋಡಿದೆ. ನೋಡುತ್ತಾ ನೋಡುತ್ತಾ ಬಾಯಿ ತಾನಾಗಿ ತೆರೆಯಿತು. ಆ ವರ್ಷ ಭಾರಿ ಆಟ ಎಂದರೆ ಕೋಟೆ ಸುಡುವ ಆಟ. ಸಾವಿರ ಸೈನಿಕರು, ಮಳೆ, ಹೊಗೆ, ಒದ್ದೆ ಕಲ್ಲಿನ ಮೇಲೆ ಬೆಂಕಿಯ ಪ್ರತಿಬಿಂಬ. ಎಂಥೆಂಥ ಯಂತ್ರಗಳೂ ಅದರ ಎದುರು ತೊದಲುತ್ತಿದ್ದವು. ಬೆಲ್ಲದಚ್ಚು ತೊದಲಲಿಲ್ಲ. ಆಟದ ಸೆಟ್ಟಿಂಗ್ಸ್ ಎಲ್ಲವನ್ನೂ ತುತ್ತತುದಿಗೆ ಏರಿಸಿಟ್ಟಾಗ ದಟ್ಟ ಹೊಗೆಯ ಕಡೆ ಒಂದೆರಡು ಸಲ ಮುಗ್ಗರಿಸಿತು, ಸುಳ್ಳೇಕೆ ಹೇಳಲಿ. ನೀಲಿ ನೆರಳನ್ನು ಒಂದು ಮೆಟ್ಟಿಲು ಇಳಿಸಿದಳು ನೋಡಿ, ಆಮೇಲೆ ಎಣ್ಣೆ ಹಚ್ಚಿದ ಬಾಳೆಯೆಲೆಯ ಮೇಲೆ ಹೋಳಿಗೆ ತಟ್ಟಿದ ಹಾಗೆ ನುಣ್ಣಗೆ ಹರಿಯಿತು. ಪ್ರೊಸೆಸರು, ಗ್ರಾಫಿಕ್ಸು ಎಲ್ಲ ಒಂದೇ ಚಿಪ್ಪಿನಲ್ಲಂತೆ. ಅಡುಗೆಮನೆ, ಪಡಸಾಲೆ, ಮಲಗುವ ಕೋಣೆ ಎಲ್ಲ ಒಂದೇ ಆಗಿರುವ ಮನೆಯಲ್ಲಿ ಇಪ್ಪತ್ತು ಜನ ನೆಂಟರಿಗೆ ಬಡಿಸಿದ ಹಾಗೆ. ಒಂದು ಸಂಜೆಯೆಲ್ಲ ಆಡಿದರೂ ಓಟ ನಿಧಾನವಾಗಲಿಲ್ಲ. ಹಿಂದುಗಡೆಯಿಂದ ಬಿಸಿ ಬರುತ್ತಿತ್ತು, ಅಲ್ಲಿಟ್ಟ ಕಾಫಿ ಆರಲಿಲ್ಲ, ಅದೊಂದು ಲಾಭ. ಫ್ಯಾನಿನ ಸದ್ದು ನಿದ್ದೆಯಲ್ಲಿರುವ ಬೆಕ್ಕು ನಿಟ್ಟುಸಿರು ಬಿಟ್ಟಷ್ಟು. ಕೊರತೆ ಇಲ್ಲವೆಂದಲ್ಲ. ಕರೆಂಟಿನ ಅಡಾಪ್ಟರು ಯಂತ್ರದಷ್ಟೇ ದಪ್ಪ, ತಮ್ಮನ ಜೊತೆ ಅಣ್ಣ ಶಾಲೆಗೆ ಬಂದ ಹಾಗೆ. ಮುಂದೆ ದೊಡ್ಡ ಗ್ರಾಫಿಕ್ಸ್ ಕಾರ್ಡು ಸೇರಿಸುತ್ತೇನೆ ಎಂದರೆ ಒಳಗೆ ಎಳ್ಳು ಹಾಕಲೂ ಜಾಗವಿಲ್ಲ. ಆದರೂ ನಾನು ಎದ್ದು ನಿಂತು ಅದಕ್ಕೆ ಹೆಡ್‌ಮೇಡಂ ದನಿಯಲ್ಲಿ “ಗುಡ್, ಸಿಟ್ ಡೌನ್” ಎಂದೆ.

ಮಾರನೇ ದಿನ ಅದನ್ನು ಪಂಪಾಪತಿಯವರ ಮುಂದಿಟ್ಟೆವು. ಅವರು ಎತ್ತಿ ನೋಡುವ ಕ್ರಮಕ್ಕೆಂದು ತೋಳು ಮಡಚಿ, ಉಸಿರು ಕಟ್ಟಿ, ಎರಡೂ ಕೈ ಹಾಕಿ ಎತ್ತಿದರು. ಅದು ಅವರ ಹಣೆಗೆ ಬಡಿಯಿತು. ಅಷ್ಟು ಹಗುರ.

“ಏನೇ ಇದು ಕೂಸೇ?” ಎಂದರು ಹಣೆ ಉಜ್ಜಿಕೊಳ್ಳುತ್ತಾ.

“ಕಂಪ್ಯೂಟ್ರು ಮಾವ. ಭಾರಿ ಆಟ ಎಲ್ಲಾ ಓಡುತ್ತೆ. ಸೇತುವೆ ಮೇಲೆ ಚೀಲದಲ್ಲೇ ಹಾಕ್ಕೊಂಡು ಹೋಗ್ಬೋದು.”

“ಆಟ ಓಡುತ್ತೋ ಇಲ್ವೋ, ಇದಂತೂ ಓಡಿಹೋಗುತ್ತೆ. ನಾಳೆ ಗಾಳಿಗೆ ಇದು ಯಾವೂರಲ್ಲಿರುತ್ತೆ ಹೇಳು.”

“ಕಟ್ಟಿ ಇಡ್ತೀನಿ ಮಾವ. ಒಂದ್ಸಲ ಆಡಿ ನೋಡಿ.”

“ಮೂರ್ತಿ ದೊಡ್ಡದಾದ್ರೇನೇ ಕೀರ್ತಿ ಕಣಮ್ಮ. ಇದಕ್ಕೆ ಸದ್ದಿಲ್ಲ, ತೂಕ ಇಲ್ಲ. ಗುಡುಗದೆ ಇರೋ ಯಂತ್ರ ಯಂತ್ರವಾ? ಇದನ್ನ ಪರೀಕ್ಷೆ ಮಾಡೋದಲ್ಲ, ಕಾಫಿ ಜೊತೆ ನೆಂಚ್ಕೊಳ್ಳೋದು.”

ನಾನು ನಡುವೆ ಬಾಯಿ ಹಾಕಿದೆ. “ಪಂಪಣ್ಣ, ಮೆಣಸಿನಕಾಯಿ ಚಿಕ್ಕದು ಅಂತ ಖಾರ ಕಮ್ಮಿ ಆಗುತ್ತಾ?”

“ಲೇ ಚಿದಂಬ್ರ, ಗಾಳಿ ಕೂಗೋನು ಗಾಳಿ ಕೂಗು” ಎಂದರು. ಅದೇ ಹೊತ್ತಿಗೆ ನಾನು ಕೂಗಬೇಕಾಗಿದ್ದ ಗಾಳಿ ಬಂದೇಬಿಟ್ಟಿತು. ಬೆಲ್ಲದಚ್ಚು ಮೇಜಿನಿಂದೆದ್ದು ಕಿಟಕಿಯಿಂದ ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನ ಹುಣಸೆಮರದ ಟೊಂಗೆಗೆ ಸಿಕ್ಕಿಕೊಂಡಿತು. ಗಾಳಿ ಇಳಿದ ಮೇಲೆ ಗಳ ತಂದು ಕೆಡವಿ, ಜೋಡಿಸಿ, ಹೊತ್ತಿಸಿದರೆ ಏನೂ ಆಗದವರ ಹಾಗೆ ಹೊತ್ತಿಕೊಂಡಿತು. ಮೂಲೆಯಲ್ಲೊಂದು ನೆಗ್ಗು, ಅಷ್ಟೇ. ಆದರೆ ಪಂಪಾಪತಿಯವರು ನೋಡಿದ್ದು ಅದು ಹಾರಿದ್ದನ್ನು ಮಾತ್ರ. “ಕಂಡೆಯಾ?” ಎಂದು ಒಳಗೆ ಹೋದರು.

ನೀಲಿ ಅಳಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಕೂತು ಸೊಂಟದ ಪಟ್ಟಿ ಬಿಚ್ಚಿ, ಒಂದೊಂದೇ ಕಲ್ಲು ತೆಗೆದು ಪಕ್ಕಕ್ಕಿಡುತ್ತಿದ್ದಳು. “ನನ್ನನ್ನೂ ಎಲ್ಲರೂ ಹಿಂಗೇ ನೋಡೋದು ಚಿದಂಬರ. ಎತ್ತಿ ನೋಡ್ತಾರೆ, ಅಷ್ಟೇ. ಆಡಿಸಿ ನೋಡಲ್ಲ” ಎಂದಳು. ನನ್ನ ಬಾಯಲ್ಲಿ ಸಿದ್ಧವಾಗಿದ್ದ ತಮಾಷೆಯನ್ನು ನುಂಗಿಕೊಂಡೆ.

ಆಗ ಪಂಪಾಪತಿಯವರ ಹೆಂಡತಿ ಹಾಲಮ್ಮ ಅಡುಗೆಮನೆಯಿಂದ ಬಂದರು. ಕೈಯಲ್ಲಿ ಎಣ್ಣೆಯ ಬಟ್ಟಲು. “ಅವರ ಬೆನ್ನಿಗೆ ದಿನಾ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಕೈ ಸವೆದೋಯ್ತು. ಐರಾವತ ಎತ್ತಿ ಎತ್ತಿ ಬೆನ್ನು ಹೋಯ್ತು. ಹೇಳಿದ್ರೆ ಕೇಳಲ್ಲ” ಎಂದವರು ದನಿ ತಗ್ಗಿಸಿದರು. “ಇನ್ನೊಂದು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಬೆಳಗಾಗೆದ್ದು ಒಬ್ರೇ ಕೂತು ಆ ಕೋಟೆ ಆಟ ಹಾಕಿ ನೋಡ್ತಾರೆ. ಐರಾವತಕ್ಕೆ ಆಗಲ್ಲ. ಬಿಕ್ಕಳಿಸುತ್ತೆ. ಇವರು ಅದರ ಮೈ ಸವರಿ, ‘ನಾಳೆ ನೋಡೋಣ ಬಿಡಪ್ಪ’ ಅಂತ ಆರಿಸ್ತಾರೆ. ಮುಂದಿನ ವಾರ ಊರವರ ಮುಂದೆ ಐರಾವತದ್ದೇ ವರ್ಷದ ಪರೀಕ್ಷೆ. ಮಾನ ಹೋಗುತ್ತಲ್ಲ ಅನ್ನೋ ಸಂಕಟ ಅವರಿಗೆ.”

ನೀಲಿ ನನ್ನ ಮುಖ ನೋಡಿದಳು. ನಾನು ನೀಲಿಯ ಮುಖ ನೋಡಿದೆ. ನಾಟಕದಲ್ಲಾಗಿದ್ದರೆ ಇಲ್ಲಿ ತಬಲ ಬಾರಿಸುತ್ತಿದ್ದರು.

“ಐರಾವತದ ಹೊಟ್ಟೇಲಿ ಮರ್ಯಾದೆಗಲ್ಲು ಎಷ್ಟಿವೆ?” ಎಂದೆ.

“ಬೇಕಾದಷ್ಟಿವೆ. ಒಂದು ತೆಗೆದ್ರೆ ಬೆಲ್ಲದಚ್ಚೂ ಅದರಣ್ಣನೂ ಆರಾಮಾಗಿ ಕೂರ್ತಾರೆ. ಪರದೆ ವೈರು ಅದಕ್ಕೆ ಸಿಕ್ಕಿಸಿದ್ರೆ ಮಾವ ಆಡೋದು ಅದರಲ್ಲೇ” ಎಂದಳು. ಮತ್ತೆ ಮುಖ ಸಪ್ಪೆಯಾಯಿತು. “ಸದ್ದು? ಮಾವ ಕಣ್ಣು ಮುಚ್ಚಿ ಸದ್ದು ಕೇಳ್ತಾರಲ್ಲ. ಐರಾವತ ಆರಿಸಿಟ್ರೆ ಗುಡುಗೋರ್ಯಾರು?”

ನಾನು ಗಂಟಲು ಸರಿಮಾಡಿಕೊಂಡು ಸ್ವಲ್ಪ ಗುಡುಗಿ ತೋರಿಸಿದೆ. ಮೊದಲು ಉಬ್ಬಸದವರ ಉಸಿರಿನ ಹಾಗೆ ಗರಗರ, ಆಮೇಲೆ ಹಿಟ್ಟಿನ ಗಿರಣಿಯ ಹಾಗೆ, ಆಮೇಲೆ ಲಾರಿ ಘಾಟಿ ಹತ್ತುವ ಹಾಗೆ. ಹಾಲಮ್ಮನ ಕೈಯಿಂದ ಎಣ್ಣೆ ಬಟ್ಟಲು ಬಿತ್ತು. “ಅಯ್ಯೋ ನಿನ್ನ! ಐರಾವತ ಹಿತ್ತಲಿಗೆ ಬಂತು ಅಂದ್ಕೊಂಡೆ” ಎಂದರು. ಒಂದು ಕ್ಷಣ ಯೋಚಿಸಿ, “ಅವರಿಗೆ ಗೊತ್ತಾದ್ರೆ ನನ್ನ ಹೆಸರು ಹೇಳ್ಬೇಡಿ. ಬೇಕಾದ್ರೆ ಕಷಾಯ ಮಾಡಿಕೊಡ್ತೀನಿ, ಗಂಟಲಿಗೆ ಒಳ್ಳೇದು” ಎಂದು ಸೇರಿಸಿದರು.

ಪರೀಕ್ಷೆಯ ದಿನ ಹಾಲ್ ತುಂಬಿತ್ತು. ಸದ್ದು ಸರಿಯಾಗಿ ಕೇಳಲಿ ಎಂದು ಕಿಟಕಿ ಬಾಗಿಲು ಎಲ್ಲ ಮುಚ್ಚುವುದು ಪದ್ಧತಿ. ನಾನು ಪಕ್ಕದ ಉಗ್ರಾಣದ ಕತ್ತಲೆಯಲ್ಲಿ ರಾಗಿ ಮೂಟೆಗೆ ಒರಗಿ ಕೂತಿದ್ದೆ. ನನ್ನ ಬಾಯಿ ಹತ್ತಿರ ನನ್ನದೇ ಕೂಗುವ ಮೈಕು, ಐರಾವತದ ಹೊಟ್ಟೆಯಲ್ಲಿ ಪುಟ್ಟ ಸ್ಪೀಕರು. ಆಟದಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಕಾಣುವುದಿಲ್ಲವಲ್ಲ, ಅದಕ್ಕೆ ನನ್ನ ಕಾಲಿನ ಹೆಬ್ಬೆರಳಿಗೆ ಒಂದು ದಾರ. ದಾರದ ಇನ್ನೊಂದು ತುದಿ ಗೋಡೆಯ ತೂತಿನಿಂದಾಚೆ ನೀಲಿಯ ಕೈಯಲ್ಲಿ. ಒಂದು ಸಲ ಎಳೆದರೆ ಗುಡುಗು ಏರಿಸಬೇಕು, ಎರಡು ಸಲ ಎಳೆದರೆ ಇಳಿಸಬೇಕು, ಜೋರಾಗಿ ಎಳೆದರೆ ನಿಲ್ಲಿಸಬೇಕು. ಹೆಬ್ಬೆರಳನ್ನು ನಂಬಿ ಕಲಾಸೇವೆ ಮಾಡಿದ ಕಲಾವಿದ ಬಹುಶಃ ನಾನೊಬ್ಬನೇ.

ಪಂಪಾಪತಿಯವರು ಐರಾವತವನ್ನು ಎತ್ತಿ ನೋಡುವ ಕ್ರಮವನ್ನು ಬರೀ ಅಪ್ಪಿಕೊಂಡು ಮುಗಿಸಿದರು ಎಂದು ನೀಲಿ ಆಮೇಲೆ ಹೇಳಿದಳು. ಬೆನ್ನು ಪಾಪ. ನೀಲಿ ಹೊತ್ತಿಸಿದಳು, ನನ್ನ ಹೆಬ್ಬೆರಳಿನ ದಾರ ಎಳೆಯಿತು, ನಾನು ಶುರು ಮಾಡಿದೆ. ಪಂಪಾಪತಿಯವರು ಕಣ್ಣು ಮುಚ್ಚಿ ಕೇಳಿದರು. ನಡುವೆ ನನಗೆ ಕಷಾಯದ ತೇಗು ಬಂತು. ತಡೆಯಲಾಗಲಿಲ್ಲ.

“ಸ್ವಲ್ಪ ಶೀತ ಆಗಿದೆ” ಎಂದು ಅವರು ಜನಕ್ಕೆ ವಿವರಿಸಿದ್ದು ಗೋಡೆಯಾಚೆಯಿಂದ ಕೇಳಿಸಿತು. “ಹೊಳೆ ನೀರು ಕುಡಿದಿದ್ದಲ್ವಾ, ಅದರ ಶೇಷ. ಆದ್ರೂ ದನಿ ನೋಡಿ, ಗಂಡುದನಿ!”

ಆಮೇಲೆ ಆಟ. ಅವರು ಕೋಟೆಯ ಬಾಗಿಲಿಗೆ ಬಂದಾಗ ಐರಾವತದ ಮೈ ಒಮ್ಮೆ ಸವರಿದರಂತೆ. ಅಲ್ಲಿಯೇ ಐರಾವತ ದಿನಾ ಬೆಳಿಗ್ಗೆ ಬಿಕ್ಕಳಿಸುತ್ತಿದ್ದದ್ದು. ಬಾಗಿಲು ಮುರಿಯಿತು. ಸಾವಿರ ಸೈನಿಕರು ನುಗ್ಗಿದರು. ಬೆಂಕಿ ಎದ್ದಿತು, ಮಳೆ ಸುರಿಯಿತು. ಒಂದು ಕೂದಲೆಳೆಯಷ್ಟೂ ತಡೆಯಲಿಲ್ಲ. ಪಂಪಾಪತಿಯವರು ಕುರ್ಚಿಯ ತುದಿಗೆ ಬಂದರು. ಬೆನ್ನು ನೆಟ್ಟಗಾಯಿತು. “ಹೋಗ್ ಮಗನೇ! ಹೋಗ್ ನನ್ ರಾಜಾ! ಏ ನೋಡ್ರೋ, ಹೊಗೆ ಒಳಗೂ ಒಂದೊಂದು ಕಿಡಿ ಬೇರೆ ಬೇರೆ ಕಾಣ್ತಿದೆ! ಒದ್ದೆ ಕಲ್ಲಲ್ಲಿ ಕತ್ತಿ ನೆರಳು ನೋಡ್ರೋ! ಹೊಸ ಮದುಮಗ ಆಗ್ಬಿಟ್ಟವ್ನೆ ಇವನು!” ಅವರ ದನಿಯಲ್ಲಿ ಅಂಥ ಮಗುತನವನ್ನು ನಾನು ಯಾವತ್ತೂ ಕೇಳಿರಲಿಲ್ಲ. ಎಷ್ಟೋ ವರ್ಷದಿಂದ ಅವರ ದನಿ ಅನುಕರಿಸುತ್ತಿದ್ದವನು ನಾನು, ಆ ಒಂದು ಸ್ವರ ನನ್ನ ಲೆಕ್ಕಕ್ಕೇ ಸಿಕ್ಕಿರಲಿಲ್ಲ. ದಾರ ಎಳೆಯಿತು, ಎಳೆಯಿತು, ನಾನು ಲಾರಿಯನ್ನು ಘಾಟಿ ಹತ್ತಿಸಿದೆ, ಇನ್ನೂ ಮೇಲಿನ ಘಾಟಿ ಹತ್ತಿಸಿದೆ. ಕಣ್ಣಿಗೆ ಕತ್ತಲೆ ಬಂತು. ಆಟ ಗೆದ್ದದ್ದೂ ಚಪ್ಪಾಳೆ ಬಿದ್ದದ್ದೂ ದೂರದಲ್ಲೆಲ್ಲೋ ಕೇಳಿದ ಹಾಗಾಯಿತು.

ನಮ್ಮ ಲೆಕ್ಕದ ಪ್ರಕಾರ ಅಲ್ಲಿಗೆ ನೀಲಿ ಮುಂದೆ ಬಂದು, “ಮಾವ, ಈಗ ಗೆದ್ದಿದ್ದು ಯಾರು ಅಂತ ತೋರಿಸ್ತೀನಿ” ಎಂದು ಕ್ಯಾಬಿನೆಟ್ಟು ತೆರೆಯಬೇಕಿತ್ತು. ಆದರೆ ಮಾವನ ಮುಖದ ಸಂತೋಷ ನೋಡಿ ಅವಳಿಗೆ ಕಾಲು ಏಳಲಿಲ್ಲ. ಅದನ್ನು ಒಡೆಯುವುದು ಹೇಗೆ? ಅವಳು ಹಾಗೆ ನಿಂತಿದ್ದಾಗಲೇ ಪಂಪಾಪತಿಯವರು ಮುದ್ರೆಯನ್ನು ಮಸಿಗೆ ಒತ್ತಿಕೊಂಡು, ಕೊನೆಯ ಕ್ರಮಕ್ಕೆಂದು ಐರಾವತದ ಬಾಗಿಲು ತೆರೆದು ಹೊಟ್ಟೆಯೊಳಗೆ ಕೈಹಾಕಿಬಿಟ್ಟರು. ಈ ಕ್ರಮವನ್ನು ನಾವು ಮರೆತೇಬಿಟ್ಟಿದ್ದೆವು. ಎಂ.ಎ. ಮಾಡಿ ಏನು ಬಂತು ಹೇಳಿ.

ಅವರ ಮುಖ ಬಿಳಿಚಿಕೊಂಡಿತು. “ತಣ್ಣಗಿದೆ” ಎಂದರು. ಇನ್ನೂ ಒಳಗೆ ತಡಕಿದರು. “ನೀಲಿ, ಐರಾವತ ತಣ್ಣಗಿದೆ ಕಣೇ. ಎದೆ ಹತ್ರಾನೂ ತಣ್ಣಗೆ. ಇಷ್ಟು ಆಡಿ... ಹೋಗ್ಬಿಡ್ತಾ?” ಎದುರಿಗೆ ಪರದೆಯ ಮೇಲೆ ಕೋಟೆ ಉರಿಯುತ್ತಲೇ ಇತ್ತು. ಹೊಟ್ಟೆಯಿಂದ ಗುಡುಗು ಬರುತ್ತಲೇ ಇತ್ತು, ಯಾಕೆಂದರೆ ನೀಲಿಗೆ ದಾರ ಎಳೆಯುವ ನೆನಪಿಲ್ಲ, ನನಗೆ ಏನೂ ಗೊತ್ತಿಲ್ಲ. ಸತ್ತ ಆನೆ ಘೀಳಿಡುತ್ತಿರುವುದನ್ನು ಜನ ಬಾಯಿ ಬಿಟ್ಟು ನೋಡಿದರು. ಅಷ್ಟರಲ್ಲಿ ಪಂಪಾಪತಿಯವರ ಕೈಗೆ ಮೂಲೆಯಲ್ಲಿ ಏನೋ ಬೆಚ್ಚಗೆ ತಗುಲಿತು. ಹೊರಗೆ ತೆಗೆದರು. ಉದ್ದನೆಯ ವೈರುಗಳ ಸಮೇತ, ಮೂಲೆಯಲ್ಲಿ ಹುಣಸೆಮರದ ನೆಗ್ಗಿನ ಸಮೇತ, ಬೆಲ್ಲದಚ್ಚು ಅವರ ಅಂಗೈ ಮೇಲೆ ಕೂತಿತ್ತು, ಆಗಷ್ಟೇ ಇಟ್ಟ ಕೋಳಿಮೊಟ್ಟೆಯಷ್ಟು ಬಿಸಿಯಾಗಿ. ಮತ್ತೆ ಕೈಹಾಕಿದರು. ಸ್ಪೀಕರು ಬಂತು, ಗುಡುಗುತ್ತಾ.

ಅದನ್ನು ಕಿವಿಗಿಟ್ಟುಕೊಂಡು ಕೇಳಿದರು. ಸ್ಪೀಕರಿನ ತಂತಿ ಹಿಡಿದು ಒಂದೊಂದೇ ಹೆಜ್ಜೆ ಬಂದು ಉಗ್ರಾಣದ ಬಾಗಿಲು ತಳ್ಳಿದರು. ನಾನು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಘಾಟಿಯ ತುತ್ತತುದಿಯಲ್ಲಿದ್ದೆ.

“ಸಾಕು ನಿಲ್ಸಪ್ಪಾ ಐರಾವತ” ಎಂದರು.

ನಿಲ್ಲಿಸಿದೆ. ಹಿಂದೆ ನೀಲಿ ದಾರ ಹಿಡಿದುಕೊಂಡೇ ಬಂದು ನಿಂತಿದ್ದಳು. “ತಪ್ಪು ನಂದು ಮಾವ” ಎಂದಳು. “ನೀವು ಒಂದ್ಸಲ ಆಡಿ ನೋಡಿದ್ರೆ ಸಾಕಾಗಿತ್ತು. ಹೇಗೆ ಆಡಿಸ್ಬೇಕೋ ಗೊತ್ತಾಗ್ಲಿಲ್ಲ. ಮುದ್ರೆ ಒತ್ತದೆ ಇದ್ರೂ ಪರವಾಗಿಲ್ಲ. ನೀವು ಆಡಿದ್ರಲ್ಲ, ಖುಷಿಪಟ್ರಲ್ಲ, ಅಷ್ಟು ಸಾಕು.”

ಪಂಪಾಪತಿಯವರು ಅಂಗೈ ನೋಡಿದರು, ಆ ಕಡೆ ಉರಿಯುತ್ತಿದ್ದ ಕೋಟೆ ನೋಡಿದರು. ಮೀಸೆಯ ಒಂದು ತುದಿ ಅದುರಿತು. ಕೋಪವೋ ಏನೋ ಎಂದು ನಾನು ರಾಗಿ ಮೂಟೆಯ ಹಿಂದೆ ಸರಿಯುವಷ್ಟರಲ್ಲಿ ಬೀದಿಬಾಗಿಲು ಧಡಾರನೆ ತೆರೆಯಿತು. ಹಾಲಮ್ಮ ಏದುಸಿರು ಬಿಡುತ್ತಾ ಓಡಿಬಂದರು.

“ಏನ್ರೀ ಇದು ಅನ್ಯಾಯ! ಇಡೀ ಊರು ಕೂತುಬಿಟ್ಟಿದೆ! ಗಾಳಿನೇ ಇಲ್ಲ, ಎಲೆ ಅಲ್ಲಾಡ್ತಿಲ್ಲ, ಎಲ್ಲಾ ಕಲ್ಲು ತಬ್ಕೊಂಡು ಕಣ್ಮುಚ್ಕೊಂಡು ಕೂತವ್ರೆ! ಗೋಪುರದ ಹಾರ್ನು ಆಗ್ಲಿಂದ ಗುಡುಗ್ತಾನೇ ಇದೆಯಂತೆ. ಇದ್ಯಾವುದೋ ಹೊಸ ತರದ ಗಾಳಿ ಅಂತ ಜನ ಅಳ್ತವ್ರೆ! ಬಸ್ಸಿನೋರು ಬಸ್ಸನ್ನ ಮರಕ್ಕೆ ಕಟ್ಟಿಹಾಕವ್ರೆ! ಅರ್ಚಕರು ಗಂಟೆ ಹಿಡ್ಕೊಂಡು ನೇತಾಡ್ತವ್ರೆ! ಹೆಡ್‌ಮೇಡಂ ಮಕ್ಕಳನ್ನೆಲ್ಲ ಒಬ್ಬರ ಮೇಲೊಬ್ಬರನ್ನ ಕೂರಿಸಿ ತಾವು ಮೇಲೆ ಕೂತವ್ರೆ!”

ನಾನು ಮೈಕಿನ ಪೆಟ್ಟಿಗೆ ನೋಡಿದೆ. ಗೋಪುರದ ಹಾರ್ನಿಗೆ ದನಿ ಕಳಿಸುವ ಗುಂಡಿ ಆರಿಸಿರಲಿಲ್ಲ. ದಿನಾ ಒತ್ತಿ ಒತ್ತಿ ಅಭ್ಯಾಸವಾಗಿದ್ದ ಬೆರಳು ಅದನ್ನೂ ಒತ್ತಿಬಿಟ್ಟಿತ್ತು. ಇಷ್ಟು ಹೊತ್ತೂ ನನ್ನ ಐರಾವತ ಊರಿಗೆಲ್ಲ ಗುಡುಗಿತ್ತು. ಕಷಾಯದ ತೇಗಿನ ಸಮೇತ.

“ತೇಗೂ ಕೇಳಿಸ್ತಾ?” ಎಂದೆ ಮೆಲ್ಲಗೆ.

“ಆಗಲೇ ನೋಡಪ್ಪ ಪುರಾಣ ಹೇಳೋ ರಾಮಯ್ಯೋರು ‘ಪ್ರಳಯ’ ಅಂತ ಕೂಗಿದ್ದು” ಎಂದರು ಹಾಲಮ್ಮ.

ಆಗ ಆಯಿತು ಅದು. ಪಂಪಾಪತಿಯವರ ಹೊಟ್ಟೆಯಲ್ಲಿ ಎಲ್ಲೋ ಆಳದಲ್ಲಿ ಒಂದು ಸದ್ದು ಹುಟ್ಟಿತು. ನನ್ನ ಅನುಕರಣೆಯನ್ನೆಲ್ಲ ನಾಚಿಸುವ ಸದ್ದು. ಗರಗರ ಎಂದು ಶುರುವಾಗಿ, ಗಿರಣಿಯಾಗಿ, ಘಾಟಿ ಹತ್ತಿ, ಬಾಯಿಂದ ಹೊರಗೆ ಬಿದ್ದಾಗ ಕಲ್ಲುಗೋಡೆ ಗುಂಯ್‌ಗುಟ್ಟಿತು. ನಕ್ಕರು. ಗೋಡೆ ಹಿಡಿದು ನಕ್ಕರು, ರಾಗಿ ಮೂಟೆ ಗುದ್ದಿ ನಕ್ಕರು. “ಆನೆ... ಆನೆ ತೇಗ್ತು ಅಂತ... ಶೀತ ಅಂದೆನಲ್ಲೋ ನಾನು!” ಎಂದು ಮತ್ತೆ ನಕ್ಕರು. ಗುಂಡಿ ಇನ್ನೂ ಒತ್ತಿಯೇ ಇತ್ತು, ಎದುರಿಗೇ ಮೈಕು. ಗೋಪುರದ ಹಾರ್ನಿನಿಂದ ಆ ನಗು ಊರ ಮೇಲೆಲ್ಲ ಬಿತ್ತು. ಮೊದಲು ಗೇಮಿಂಗ್ ಹಾಲ್‌ನಲ್ಲಿದ್ದವರು ನಕ್ಕರು, ಆಮೇಲೆ ಬೀದಿಯಲ್ಲಿ ಕಲ್ಲು ತಬ್ಬಿಕೊಂಡಿದ್ದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟು ನಕ್ಕರು.

ಇಂಥ ಹೊತ್ತಿಗೇ ನಿಜವಾದ ಗಾಳಿ ಬಂತು. ಕೂಗಬೇಕಾದವನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲಿದ್ದೆ. ಹಾಲಮ್ಮ ತೆರೆದಿಟ್ಟಿದ್ದ ಬಾಗಿಲಿಂದ ಅದು ಒಳಗೆ ನುಗ್ಗಿತು. ಬೀದಿಯಲ್ಲಿ ಮೀಸೆ ಮಾತ್ರ ಹಿಡಿದು ನಿಲ್ಲುತ್ತಿದ್ದ ಪಂಪಾಪತಿಯವರ ಕಾಲು, ದೇವರಾಣೆ, ನೆಲ ಬಿಟ್ಟಿತು. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ನೀಲಿ ಹಾರಿ ಒಂದು ಕಾಲು ಹಿಡಿದಳು, ನಾನೊಂದು ಕಾಲು, ಹಾಲಮ್ಮ ಪಂಚೆಯ ಅಂಚು.

“ಮಾವ, ನಗಬೇಡಿ! ನಕ್ಕಷ್ಟೂ ಏರ್ತೀರ!” ಎಂದು ನೀಲಿ ಕಿರುಚಿದಳು.

“ಏನೇ ಮಾಡ್ಲಿ, ತಡೆಯಕ್ಕಾಗ್ತಿಲ್ಲ!” ಎಂದರು. ಬೆನ್ನು ಸವರಿಕೊಂಡು, “ಅಯ್ಯೋ, ನೋವೂ ಇಲ್ಲ ಕಣೇ!” ಎಂದರು. ಒಂದು ಕೈಯಲ್ಲಿ ಬೆಲ್ಲದಚ್ಚು ಎದೆಗೆ ಒತ್ತಿಕೊಂಡಿದ್ದರು, ಇನ್ನೊಂದು ಕೈಯಿಂದ ಪಂಚೆಗೆ ಸಿಕ್ಕಿಸಿಕೊಂಡಿದ್ದ, ಇನ್ನೂ ಮಸಿ ಆರದ ಮುದ್ರೆ ತೆಗೆದರು. ಜಂತೆಗೆ ತಲೆ ತಾಗುವಷ್ಟು ಎತ್ತರದಲ್ಲಿ, ನೆಗ್ಗಿನ ಪಕ್ಕಕ್ಕೇ ಸರಿಯಾಗಿ, ಠಪ್ಪನೆ ಮುದ್ರೆ ಒತ್ತಿದರು.

“ಬಿಡ್ರೋ ಕಾಲು!” ಎಂದು ಮೇಲಿನಿಂದ ಕೂಗಿದರು. “ಸೇತುವೇನೂ ಬೇಡ, ಹರಿಗೋಲೂ ಬೇಡ. ಹೊಳೆಯಾಚೆ ತನಕ ನಾನೇ ಹಿಂಗೇ ಹೋಗಿ ಇದನ್ನ ಮೇಜಿನ ಮೇಲಿಟ್ಟು, ನಮ್ಮ ಹುಡುಗಿ ಬರ್ತಾಳೆ ಅಂತ ಹೇಳಿ ಬರ್ತೀನಿ!”

ನಾವು ಬಿಡಲಿಲ್ಲ. ಕೆಳಗೆ ನಾವು ಮೂವರೂ ನಗುತ್ತಿದ್ದೆವು, ನಮ್ಮ ಕಾಲೂ ಒಂದೊಂದು ಬೆರಳು ಏಳುತ್ತಿತ್ತು. ಹೊರಗೆ ಇಡೀ ಊರು ಕಲ್ಲು ತಬ್ಬಿಕೊಂಡು ನಗುತ್ತಿತ್ತು. ಅಷ್ಟೂ ನಗುವಿನ ಮೇಲೆ, ಗೋಪುರದ ಹಾರ್ನಿನ ಸಹಾಯವೂ ಬೇಕಿಲ್ಲದೆ ಹೊಳೆಯಾಚೆಗೆ ಕೇಳಿಸುವಷ್ಟು ಜೋರಾಗಿ, ಜಂತೆಗೆ ತಲೆ ಬಡಿದುಕೊಳ್ಳುತ್ತಾ ನಗುತ್ತಿದ್ದವರು ಪಂಪಾಪತಿಯವರು.